ಅಂಗಳಕ್ಕೆ ಇಳಿದು ನೋಡಿ, ಆಮೇಲೆ ಯೇಸು ಸೂರ್ಯ ಅನ್ನಿ

ನಮಸ್ಕಾರ ಎಲ್ಲರಿಗೂ. ಈ ವಾರ ಸಂಕ್ರಾಂತಿ ಬಗ್ಗೆ ಮಾತಾಡುತ್ತೇನೆ ಅಂದಿದ್ದೆ. ಬರೆದೂ ಇಟ್ಟಿದ್ದೆ. ಅದನ್ನು ಬದಿಗಿಟ್ಟಿದ್ದೇನೆ. ಕಾರಣ ಒಂದು ಕಮೆಂಟ್.

ಓದುತ್ತೇನೆ, ಹೆಸರು ಹೇಳುವುದಿಲ್ಲ. "ಸರ್, ಯೇಸು ಅನ್ನುವ ಮನುಷ್ಯ ಇರಲೇ ಇಲ್ಲ. ಅದು ಸೂರ್ಯನ ಕಥೆ. 12 ಶಿಷ್ಯರು ಅಂದರೆ 12 ರಾಶಿ. ನಮ್ಮ ಮಕರ ಸಂಕ್ರಾಂತಿಯನ್ನೇ ಕದ್ದು ಕ್ರಿಸ್ಮಸ್ ಮಾಡಿದ್ದಾರೆ. ಆಕಾಶದ ಬಗ್ಗೆ ಚಾನೆಲ್ ಮಾಡುವ ನಿಮಗೆ ಇಷ್ಟೂ ಗೊತ್ತಿಲ್ವಾ?"

ಗೊತ್ತುಂಟು ಮಾರಾಯ್ರೆ. ಗೊತ್ತಿರುವುದರಿಂದಲೇ ಕೋಪ ಬಂದದ್ದು.

ಇದೇ ಮಾತು ಕ್ರಿಸ್ಮಸ್ ದಿನವೂ ಕಿವಿಗೆ ಬಿದ್ದಿತ್ತು. ನಮ್ಮ ಪಕ್ಕದ ಮನೆ ಬಾಯಮ್ಮನವರದ್ದು. ಪ್ರತಿ ವರ್ಷ ನಮ್ಮನ್ನು ಕರೆಯುತ್ತಾರೆ, ಕುಸ್ವಾರ್ ತಟ್ಟೆ ಮುಂದಿಡುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ. ಈ ಸಲ ನನ್ನ ಜೊತೆ ಬೆಂಗಳೂರಿನಿಂದ ಬಂದ ನೆಂಟರ ಹುಡುಗ ಇದ್ದ. ತಿನ್ನುತ್ತಾ ತಿನ್ನುತ್ತಾ ಮೊಬೈಲಿನಲ್ಲಿ ಇಂಗ್ಲಿಷ್ ವೀಡಿಯೋ ಹಾಕಿದ. ಅದು ಎಂತ ಹೇಳುವುದು ಅಂತ ಬಾಯಮ್ಮ ಕೇಳಿದರು. "ನಿಮ್ಮ ಯೇಸು ಅಂತ ಯಾರೂ ಇಲ್ಲ ಆಂಟಿ, ಅದು ಸೂರ್ಯ" ಅಂದ. ಬಾಯಮ್ಮ ಏನೂ ಹೇಳಲಿಲ್ಲ. ಅವನ ತಟ್ಟೆಗೆ ಇನ್ನೆರಡು ನೆವ್ರಿ ಹಾಕಿ ಒಳಗೆ ಹೋದರು.

ನಾನು ಆ ದಿನ ಬಾಯಿ ಬಿಡಲಿಲ್ಲ. ಹಬ್ಬದ ಮನೆಯಲ್ಲಿ ಜಗಳ ಬೇಡ ಅನಿಸಿತು. ಈಗ ಬಿಡುತ್ತೇನೆ.

ನನ್ನದು ಒಂದೇ ಮಾತು. ಜಾಲಿಗೆ ಇಳಿದು ನೋಡಿ. ಕಾಸರಗೋಡಿನ ನಮ್ಮ ಕುಂಬಳೆ ಕಡೆ ಅಂಗಳಕ್ಕೆ ಜಾಲು ಅನ್ನುವುದು. ಆಕಾಶದ ಹೆಸರಲ್ಲಿ ಒಂದು ವಾದ ಮಾಡುತ್ತೀರಿ ಅಂದರೆ, ಆ ವಾದ ಆಕಾಶದಲ್ಲಿ ಕಾಣಬೇಕು ಅಲ್ವಾ? ಇವರು ಹೇಳುವ ಒಂದೊಂದನ್ನೂ ನಾನು ಹೊರಗೆ ಹೋಗಿ ನೋಡಿದ್ದೇನೆ.

ಮೊದಲನೆಯದು ಮೂರು ರಾಜರು, ನಕ್ಷತ್ರ ನೋಡಿ ಮಗು ಯೇಸುವನ್ನು ಕಾಣಲಿಕ್ಕೆ ಬಂದರು ಅನ್ನುತ್ತಾರಲ್ಲ, ಅವರು. ಮಹಾವ್ಯಾಧ, ಅಂದರೆ ಓರಿಯನ್ ಅನ್ನುವ ನಕ್ಷತ್ರಗಳ ಗುಂಪು, ಅವನ ಸೊಂಟದ ಪಟ್ಟಿಯಲ್ಲಿ ಮೂರು ನಕ್ಷತ್ರ ಸಾಲಾಗಿ ಇವೆಯಲ್ಲ, ಅವೇ ಮೂರು ರಾಜರಂತೆ. ಅವು ಲುಬ್ಧಕ ನಕ್ಷತ್ರದ ಕಡೆ ಕೈ ತೋರಿಸುತ್ತವಂತೆ. ಡಿಸೆಂಬರ್ 24ರ ರಾತ್ರಿ ಆ ಗೆರೆ ಸೂರ್ಯ ಹುಟ್ಟುವ ಜಾಗ ತೋರಿಸುತ್ತದಂತೆ. ಕೇಳಲಿಕ್ಕೆ ಎಷ್ಟು ಚಂದ! ಆದರೆ ಆ ಮೂರು ನಕ್ಷತ್ರ ಮತ್ತು ಲುಬ್ಧಕ 24ರಂದು ಮಾತ್ರ ಸಾಲಾಗಿ ನಿಲ್ಲುವುದಲ್ಲ. ಕಾಣುವ ಪ್ರತಿ ರಾತ್ರಿಯೂ ಹಾಗೇ ಇರುತ್ತವೆ. ನಿಮ್ಮ ಅಜ್ಜ ಹುಟ್ಟಿದ ರಾತ್ರಿಯೂ ಹಾಗೇ ಇದ್ದವು. ಇನ್ನೊಂದು, 25ರ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಆ ಮೂವರು ಅರಬ್ಬಿ ಸಮುದ್ರದಲ್ಲಿ ಮುಳುಗಿ ಆಗಿರುತ್ತದೆ. ನಮ್ಮ ಊರಿನಲ್ಲಿ ಕಡಲು ಪಶ್ಚಿಮಕ್ಕೆ ಉಂಟು. ನಾನು ಆ ಬೆಳಿಗ್ಗೆ ಎದ್ದು ನೋಡಿದ್ದೇನೆ. ಮುಳುಗಿದವರು ಪೂರ್ವಕ್ಕೆ ದಾರಿ ತೋರಿಸುವುದು ಹೇಗೆ?

ಅದಿರಲಿ, ಬೈಬಲ್‌ನಲ್ಲಿ ಮೂರು ರಾಜರು ಅಂತ ಇಲ್ಲವೇ ಇಲ್ಲ. ಮತ್ತಾಯನ ಸುವಾರ್ತೆ ಎರಡನೇ ಅಧ್ಯಾಯ ತೆಗೆಯಿರಿ. ಎಷ್ಟು ಮಂದಿ ಅಂತ ಹೇಳಿಲ್ಲ. ರಾಜರು ಅಂತಲೂ ಹೇಳಿಲ್ಲ. ಕಾಣಿಕೆ ಮಾತ್ರ ಮೂರು ಬಗೆ: ಚಿನ್ನ, ಧೂಪ, ರಕ್ತಬೋಳ. ಹಳೆಯ ಕನ್ನಡ ಬೈಬಲ್ ಅವರನ್ನು ಜೋಯಿಸರು ಅನ್ನುತ್ತದೆ. ಜೋಯಿಸರು! ನಮ್ಮ ಮನೆಗೆ ಮುಹೂರ್ತ ನೋಡಲಿಕ್ಕೆ ಬರುವವರ ಹಾಗೆ. ನನಗೆ ಆ ಶಬ್ದ ಬಹಳ ಇಷ್ಟ.

"ನೋಡಿ ಸರ್, ನೀವೇ ಒಪ್ಪಿದಿರಿ, ಕಥೆಯಲ್ಲಿ ಜ್ಯೋತಿಷ ಉಂಟು" ಅಂತ ಬರೆಯುತ್ತೀರಿ, ಗೊತ್ತು. ಹೌದು, ಉಂಟು. ನಕ್ಷತ್ರ ನೋಡಿ ಬಂದ ಜೋಯಿಸರು ಇದ್ದಾರೆ. ಆ ನಕ್ಷತ್ರ ಯಾವುದು ಅಂತ ಕೆಪ್ಲರ್‌ನಂಥ ದೊಡ್ಡ ವಿಜ್ಞಾನಿಯೇ ಲೆಕ್ಕ ಹಾಕಿ ಕೂತಿದ್ದ. ಕ್ರಿಸ್ತಪೂರ್ವ 7ರಲ್ಲಿ ಗುರು, ಶನಿ ಮೀನದಲ್ಲಿ ಮೂರು ಸಲ ಹತ್ತಿರ ಬಂದಿದ್ದವು. ಅಂಥದ್ದನ್ನು ನಾವೂ ನೋಡಿದ್ದೇವೆ, ನೆನಪುಂಟಾ? 2020ರ ಡಿಸೆಂಬರ್ 21. ಸಂಜೆ ಕಡಲ ಮೇಲೆ ಗುರು, ಶನಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತಿದ್ದವು. ಆ ಜೋಯಿಸರು ಯಾವ ನಕ್ಷತ್ರ ನೋಡಿ ಬಂದರು ಅಂತ ಕೇಳುವುದು ಒಳ್ಳೆ ಪ್ರಶ್ನೆ. ಅದನ್ನು ಹಿಡಿದುಕೊಂಡು ತೊಟ್ಟಿಲಲ್ಲಿದ್ದ ಮಗುವೇ ನಕ್ಷತ್ರ ಅನ್ನುವುದು ಯಾವ ನ್ಯಾಯ? ನಮ್ಮ ಜೋಯಿಸರು ನನ್ನ ಜಾತಕ ಬರೆದಿದ್ದಾರೆ. ಹಾಗಾದರೆ ನಾನು ಇಲ್ವಾ?

ಮುಂದಿನದು ಶಿಲುಬೆ. ಡಿಸೆಂಬರ್ 22ರಿಂದ ಸೂರ್ಯ ಮೂರು ದಿನ ಶಿಲುಬೆಯ ಆಕಾರದ ನಕ್ಷತ್ರಗಳ ಹತ್ತಿರ ಸಾಯುತ್ತಾನಂತೆ, 25ಕ್ಕೆ ಒಂದು ಡಿಗ್ರಿ ಮೇಲೆ ಏಳುತ್ತಾನಂತೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇದಕ್ಕೆ.

ಶಿಲುಬೆ ಆಕಾರದ ಆ ಗುಂಪನ್ನು ನಾವು ತ್ರಿಶಂಕು ಅನ್ನುತ್ತೇವೆ. ಧನುರ್ಮಾಸದ ಪೂಜೆಗೆ ಬೆಳಗಿನ ಜಾವ ದೇವಸ್ಥಾನಕ್ಕೆ ಹೋಗುವವರು ದಕ್ಷಿಣಕ್ಕೆ ತಿರುಗಿ ತಗ್ಗಿನಲ್ಲಿ ನೋಡಿ. ತೆಂಗಿನ ಮರ ಅಡ್ಡ ಇಲ್ಲದಿದ್ದರೆ ಕಾಣುತ್ತದೆ. ಅದೇ ಹೊತ್ತಿಗೆ ಸೂರ್ಯ ಎಲ್ಲಿ? ಧನು ರಾಶಿಯಲ್ಲಿ. ಅದಕ್ಕೇ ಅಲ್ವಾ ಧನುರ್ಮಾಸ ಅನ್ನುವುದು? ಎರಡರ ನಡುವೆ 60 ಡಿಗ್ರಿಗಿಂತ ಜಾಸ್ತಿ ದೂರ. ಸೂರ್ಯ ಯಾವತ್ತೂ ತ್ರಿಶಂಕುವಿನ ಹತ್ತಿರ ಹೋಗುವುದಿಲ್ಲ, ಅದು ಅವನ ದಾರಿಯೇ ಅಲ್ಲ. ಆ ಕಾಲದ ಗ್ರೀಕರಿಗೆ ಅದು ಶಿಲುಬೆಯೂ ಅಲ್ಲ. ಅವರ ಖಗೋಳ ಪಂಡಿತ ಟಾಲೆಮಿ ಅದನ್ನು ಕುದುರೆ ಮೈಯ ಮನುಷ್ಯನ ಗುಂಪಿಗೆ ಸೇರಿಸಿದ್ದ. ಬೇರೆಯೇ ಗುಂಪಾಗಿ ನಕ್ಷೆಗೆ ಬಂದದ್ದು 16ನೇ ಶತಮಾನದ ಕೊನೆಗೆ, ಯುರೋಪಿನ ಹಡಗುಗಳು ದಕ್ಷಿಣಕ್ಕೆ ಓಡಾಡಿದ ಮೇಲೆ.

ಮತ್ತೆ ಆ "ಒಂದು ಡಿಗ್ರಿ". ನನ್ನ ಜಾಲಿನಿಂದ ಸಂಜೆ ಸೂರ್ಯ ಎರಡು ತೆಂಗಿನ ಮರಗಳ ನಡುವೆ ಮುಳುಗುತ್ತಾನೆ. ಡಿಸೆಂಬರ್ ಕೊನೆಗೆ ಎಡಗಡೆ ಮರದ ಹತ್ತಿರ ಹೋಗಿ ನಿಂತುಬಿಡುತ್ತಾನೆ. 22, 23, 24, 25, 26, ಅಲ್ಲಿಯೇ. ಮೂರು ದಿನದಲ್ಲಿ ಅವನು ಸರಿಯುವುದು ಅವನದೇ ಬಿಂಬದ ಅಗಲದ ಹತ್ತನೇ ಒಂದು ಪಾಲೂ ಇಲ್ಲ. ಒಂದು ಡಿಗ್ರಿ ಸರಿಯಲಿಕ್ಕೆ ಎರಡು ವಾರಕ್ಕಿಂತ ಜಾಸ್ತಿ ಬೇಕು. 25ಕ್ಕೆ ಎದ್ದ ಅನ್ನುವವರು ಒಂದು ಸಂಜೆ ಕೂಡ ಕಡಲ ಬದಿಯಲ್ಲಿ ಕೂತವರಲ್ಲ. ಜಾಲಿಗೆ ಇಳಿದು ನೋಡಿ ಅಂದದ್ದು ಇದಕ್ಕೆ!

ಅಷ್ಟಕ್ಕೂ ಯೇಸು ಸತ್ತದ್ದು, ಎದ್ದದ್ದು ಡಿಸೆಂಬರಿನಲ್ಲಿ ಅಂತ ಯಾವ ಸುವಾರ್ತೆ ಹೇಳುತ್ತದೆ? ಅದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತು, ಹುಣ್ಣಿಮೆಯ ಸಮಯ. ಈಸ್ಟರ್ ಬರುವುದು ಮಾರ್ಚ್, ಏಪ್ರಿಲಿನಲ್ಲಿ, ಹುಣ್ಣಿಮೆ ಲೆಕ್ಕ ನೋಡಿ. ಹುಟ್ಟಿದ ಹಬ್ಬ ತೆಗೆದು ಸತ್ತ ದಿನಕ್ಕೆ ಅಂಟಿಸಿದರೆ ಯಾವ ಕಥೆಯನ್ನೂ ಸೂರ್ಯ ಮಾಡಬಹುದು.

ಹುಣ್ಣಿಮೆ ಅಂದಾಗ ನೆನಪಾಯಿತು. ಶಿಲುಬೆಗೇರಿಸಿದಾಗ ಮಧ್ಯಾಹ್ನ ಕತ್ತಲಾಯಿತು ಅಂತ ಉಂಟು. ಅದು ಸೂರ್ಯಗ್ರಹಣ, ಆದ್ದರಿಂದ ಯೇಸು ಸೂರ್ಯ ಅನ್ನುತ್ತಾರೆ. ಹುಣ್ಣಿಮೆಗೆ ಸೂರ್ಯಗ್ರಹಣ! ನಮ್ಮ ಊರಿನ ಒಂದನೇ ಕ್ಲಾಸಿನ ಮಗುವಿಗೆ ಕೇಳಿ, ಅಮಾವಾಸ್ಯೆಗೆ ಅನ್ನುತ್ತದೆ. 2019ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನ ಬೆಳಿಗ್ಗೆ, ಕಾಸರಗೋಡು ಜಿಲ್ಲೆಯ ಮೇಲೆಯೇ ಕಂಕಣ ಗ್ರಹಣ ಹಾದುಹೋಯಿತು. ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಸುಮಾರು ಮೂರು ನಿಮಿಷ ಬಳೆಯ ಹಾಗೆ ಸೂರ್ಯ. ಅದು ಅಮಾವಾಸ್ಯೆ. ಆ ದಿನದ ವೀಡಿಯೋ ನಮ್ಮ ಚಾನೆಲಿನಲ್ಲಿ ಉಂಟು, ನೋಡದವರು ನೋಡಿ, ಸಬ್‌ಸ್ಕ್ರೈಬ್ ಮಾಡಿ. ಬೆಲ್ ಒತ್ತಲು ಮರೆಯಬೇಡಿ.

ಈಗ 12. ಹನ್ನೆರಡು ಎಲ್ಲಿ ಕಂಡರೂ ರಾಶಿಯಾ? ಮತ್ತಾಯ 19ನೇ ಅಧ್ಯಾಯ 28ನೇ ವಚನದಲ್ಲಿ ಯೇಸುವೇ ಲೆಕ್ಕ ಹೇಳುತ್ತಾನೆ. ಹನ್ನೆರಡು ಮಂದಿ ಇಸ್ರೇಲಿನ ಹನ್ನೆರಡು ಕುಲಗಳಿಗೆ. ಪುಸ್ತಕದಲ್ಲೇ ಉತ್ತರ ಉಂಟು, ಆದರೆ ಪುಸ್ತಕ ತೆರೆಯಬೇಕಲ್ಲ. "ಯೆಹೂದ್ಯರ ಹಳೆ ಪ್ರಾರ್ಥನಾ ಮಂದಿರದ ನೆಲದಲ್ಲೂ ರಾಶಿಚಕ್ರ ಉಂಟು ಸರ್" ಅನ್ನುತ್ತೀರಾ? ಉಂಟು, ಇಸ್ರೇಲಿನ ಬೇತ್ ಆಲ್ಫಾದಲ್ಲಿ, ನಡುವೆ ರಥದ ಮೇಲೆ ಸೂರ್ಯನೂ ಉಂಟು. ಅದು 6ನೇ ಶತಮಾನದ್ದು. ನಮ್ಮ ಮನೆಯಲ್ಲಿ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರಿನಲ್ಲೂ ರಾಶಿಚಕ್ರ ಉಂಟು. ಬ್ಯಾಂಕ್ ಇಲ್ಲವಾ?

ಕೊಡ ಹೊತ್ತ ಗಂಡಸು ಲೂಕನ ಸುವಾರ್ತೆಯಲ್ಲಿ ಬರುತ್ತಾನೆ, ಅವನೇ ಕುಂಭ ರಾಶಿ ಅಂತ ಇನ್ನೊಬ್ಬರು. ನಲ್ಲಿಯಲ್ಲಿ ನೀರು ಬಾರದ ದಿನ ನಮ್ಮ ಬೀದಿ ಪೂರ್ತಿ ಕುಂಭ ರಾಶಿ!

ಇದನ್ನು ಹೇಗೆ ಮಾಡುತ್ತಾರೆ ಅಂತ ನಾನೂ ಮಾಡಿ ತೋರಿಸುತ್ತೇನೆ. ಅನಿಲ್ ಕುಂಬ್ಳೆ ಅನ್ನುವ ಮನುಷ್ಯ ಇಲ್ಲ, ಅದು ಸೂರ್ಯ. ಹೆಸರಿನಲ್ಲೇ ಕುಂಭ ಉಂಟು. ಹುಟ್ಟಿದ್ದು 1970ರ ಅಕ್ಟೋಬರ್ 17, ತುಲಾ ಸಂಕ್ರಮಣದ ಹೊತ್ತು. ತಂಡದಲ್ಲಿ ಹನ್ನೊಂದು, ನೀರು ತರುವವನು ಹನ್ನೆರಡನೆಯವನು, ಒಟ್ಟು 12 ರಾಶಿ. 1999ರಲ್ಲಿ ದೆಹಲಿಯಲ್ಲಿ ಒಬ್ಬನೇ ಹತ್ತು ವಿಕೆಟ್ ತೆಗೆದ, ಮನುಷ್ಯನಿಗೆ ಸಾಧ್ಯವಾ? ಮುಗಿಯಿತು. ಎರಡು ನಿಮಿಷ ಸಾಕಾಯಿತು. ಆದರೆ ನಮ್ಮ ಕುಂಬಳೆಯಲ್ಲಿ ಅವರ ಹೆಸರಿನ ರಸ್ತೆ ಉಂಟು, ಅವರು ಈಗಲೂ ಆರಾಮಾಗಿ ಇದ್ದಾರೆ!

ಈ ಉಪಾಯ ನನ್ನದಲ್ಲ. ಫ್ರಾನ್ಸಿನಲ್ಲಿ ಡುಪುಯಿ ಅನ್ನುವವನು 1795ರಲ್ಲಿ ಎಲ್ಲ ಧರ್ಮಗಳೂ ಸೂರ್ಯನ ಕಥೆ ಅಂತ ದಪ್ಪ ಪುಸ್ತಕ ಬರೆದ. ಈಗಿನ ವೀಡಿಯೋಗಳ ಅಜ್ಜ ಅವನು. ಅದಕ್ಕೆ 1827ರಲ್ಲಿ ಪೆರೆಸ್ ಅನ್ನುವ ಗ್ರಂಥಪಾಲಕ ಚಿಕ್ಕ ಪುಸ್ತಕದಲ್ಲಿ ಉತ್ತರ ಕೊಟ್ಟ. ನೆಪೋಲಿಯನ್ ಇರಲೇ ಇಲ್ಲ, ಅವನು ಸೂರ್ಯ ಅಂತ ತೋರಿಸಿಕೊಟ್ಟ. ಹುಟ್ಟಿದ್ದು ದ್ವೀಪದಲ್ಲಿ, ನಾಲ್ಕು ಅಣ್ಣತಮ್ಮಂದಿರು ನಾಲ್ಕು ಋತು, ಹನ್ನೆರಡು ಸೇನಾಪತಿಗಳು ಹನ್ನೆರಡು ರಾಶಿ, ಕೊನೆಗೆ ಪಶ್ಚಿಮದ ಕಡಲಲ್ಲಿ ಮರೆಯಾದ. ನೆಪೋಲಿಯನ್ ಸತ್ತು ಆಗ ಆರೇ ವರ್ಷ. ನೋಡಿದವರೆಲ್ಲ ಬದುಕಿದ್ದರು!

ಇಂಗ್ಲಿಷಿನಲ್ಲಿ ಮಗನಿಗೂ ಸೂರ್ಯನಿಗೂ "ಸನ್" ಅಂತ ಒಂದೇ ಉಚ್ಚಾರ. ಇವರ ದೊಡ್ಡ ಸಾಕ್ಷಿ ಇದೇ. ನಮ್ಮದು ಸಪ್ತಭಾಷಾ ಸಂಗಮ ಭೂಮಿ ಮಾರಾಯ್ರೆ, ಇಲ್ಲಿ ಬಂದು ಇದನ್ನು ಹೇಳುತ್ತೀರಾ? ಕನ್ನಡದಲ್ಲಿ ಮಗ, ಸೂರ್ಯ. ತುಳುವಿನಲ್ಲಿ ಮಗೆ, ಸೂರ್ಯೆ. ಬಾಯಮ್ಮನವರ ಕೊಂಕಣಿಯಲ್ಲಿ ಪೂತ್, ಸುರ್ಯೊ. ಎಲ್ಲಿ ಸೇರುತ್ತದೆ? ಯೇಸು ಆಡಿದ ಅರಾಮಿಕ್‌ನಲ್ಲಿ ಬರ್, ಶಿಮ್ಶಾ. ಸುವಾರ್ತೆ ಬರೆದ ಗ್ರೀಕಿನಲ್ಲಿ ಹುಯೋಸ್, ಹೀಲಿಯೋಸ್. ಎರಡರಲ್ಲೂ "ಓಸ್" ಉಂಟು ಅನ್ನಬೇಡಿ. ಗ್ರೀಕಿನಲ್ಲಿ ಲೆಕ್ಕವಿಲ್ಲದಷ್ಟು ಶಬ್ದ ಹಾಗೇ ಮುಗಿಯುತ್ತವೆ.

ಡಿಸೆಂಬರ್ 25 ಬಗ್ಗೆ ಒಂದೇ ಮಾತು. ಬೈಬಲ್‌ನಲ್ಲಿ ತಾರೀಕು ಇಲ್ಲ. ರೋಮಿನಲ್ಲಿ ಸೋಲದ ಸೂರ್ಯನ ಹಬ್ಬವೂ ಅದೇ ದಿನ ಇತ್ತು. 354ರ ಒಂದೇ ಪಂಚಾಂಗದಲ್ಲಿ ಎರಡೂ ಸಿಗುತ್ತವೆ. ಯಾರು ಯಾರಿಂದ ತೆಗೆದುಕೊಂಡರು ಅಂತ ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಾರೆ, ಮಾಡಲಿ. ದಿನ ಸೂರ್ಯನದ್ದೇ ಅಂತ ಇಟ್ಟುಕೊಳ್ಳಿ. ಮನುಷ್ಯನೂ ಸೂರ್ಯ ಆಗುತ್ತಾನಾ? ಸೆಪ್ಟೆಂಬರ್ 8ಕ್ಕೆ ಬೇಳದ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿ ನೋಡಿ. ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ. ಅದೇ ದಿನ ಹೊಸ ತೆನೆ ತಂದು ಹಂಚುತ್ತಾರೆ, ಮನೆಯಲ್ಲಿ ಹೊಸ ಅಕ್ಕಿ ಊಟ. ಹಾಗಂತ ಮರಿಯಮ್ಮ ಭತ್ತವಾ?

ಮತ್ತೆ ಸಂಕ್ರಾಂತಿ ಕದ್ದರಂತೆ! ನಮ್ಮ ಸಂಕ್ರಾಂತಿ ಜನವರಿ 14ಕ್ಕೆ ಬರುತ್ತದೆ, ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ಕ್ಕೆ. ಮೂರು ವಾರ ದಾಟಿದ ವ್ಯತ್ಯಾಸ. ಪಂಚಾಂಗದಲ್ಲಿ ಈ ವ್ಯತ್ಯಾಸದ ಲೆಕ್ಕ ಅಯನಾಂಶ ಅಂತ ಬರೆದಿರುತ್ತದೆ, ಓದಿ. ಓದುವುದಿಲ್ಲ, ನೋಡುವುದಿಲ್ಲ, ಜಾಲಿಗೆ ಇಳಿಯುವುದಿಲ್ಲ, ಬೇರೆಯವರ ಹಬ್ಬದ ಊಟ ತಿಂದು ಅವರ ದೇವರು ಸುಳ್ಳು ಅನ್ನಲಿಕ್ಕೆ ಮಾತ್ರ ಬಾಯಿ ಬರುತ್ತದೆ.

ನಮ್ಮದೇ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಬಗ್ಗೆ ಕನ್ನಡದಲ್ಲಿ ಕಾವ್ಯ ಬರೆದರು, ಗೊಲ್ಗೊಥಾ ಅಂತ. ಎಷ್ಟು ಭಾಷೆ ಬಲ್ಲವರು, ಇತಿಹಾಸದಲ್ಲಿ ಒಂದೊಂದು ತಾರೀಕಿಗೂ ಜಗಳ ಮಾಡಿದವರು. ಅವರಿಗೆ ಅಲ್ಲಿ ರಾಶಿ ಕಾಣಲಿಲ್ಲ, ನೋವು ಪಡುವ ಮನುಷ್ಯ ಕಂಡ. ನಾನು ಕ್ರೈಸ್ತನಲ್ಲ. ನಂಬಿ ಅಂತ ನಿಮಗೆ ಹೇಳುತ್ತಲೂ ಇಲ್ಲ. ನಂಬದಿದ್ದರೆ ನಂಬಬೇಡಿ! ಆದರೆ ನನ್ನ ಆಕಾಶವನ್ನು ಸುಳ್ಳು ಸಾಕ್ಷಿಗೆ ಎಳೆಯಬೇಡಿ. ಜಾಲಿಗೆ ಇಳಿಯಿರಿ. ಇಷ್ಟೇ. ಇಳಿಯಿರಿ, ನೋಡಿ!

ಇನ್ನೂ ಬರೆದುಕೊಂಡದ್ದು ಉಂಟು, ಬೇಡ. ನಾವು ಮಾಡಿದ ಕನ್ನಡ ನಕ್ಷತ್ರ ಪಟ 150 ರೂಪಾಯಿ, ಲಿಂಕ್ ಕೆಳಗೆ ಹಾಕಿದ್ದೇನೆ. ಏಪ್ರಿಲ್ ಕೊನೆಗೆ ಒಂದು ರಾತ್ರಿ ಕಡಲ ಬದಿಯಲ್ಲಿ ತ್ರಿಶಂಕು ನೋಡಲು ಸೇರುತ್ತೇವೆ, ಮಕ್ಕಳನ್ನೂ ಕರೆದುಕೊಂಡು ಬನ್ನಿ. ಕಮೆಂಟ್ ಹಾಕಿದವರಿಗೂ ಆಮಂತ್ರಣ ಉಂಟು, ಪಟ ಉಚಿತವಾಗಿ ಕೊಡುತ್ತೇನೆ.

ಈಗ ರಾತ್ರಿ ಎಂಟೂವರೆ. ಮೋಡ ಇಲ್ಲ. ಮಹಾವ್ಯಾಧ ಪೂರ್ವದಲ್ಲಿ ಚೆನ್ನಾಗಿ ಮೇಲೆ ಬಂದಿದ್ದಾನೆ, ಕೆಳಗೆ ಲುಬ್ಧಕ. ಬಾಯಮ್ಮನವರ ಮನೆ ಮುಂದೆ ಕಾಗದದ ನಕ್ಷತ್ರ ಇನ್ನೂ ಉರಿಯುತ್ತಾ ಉಂಟು. ಮೈಕ್ ಆಫ್ ಮಾಡಿ ಅಲ್ಲಿಗೇ ಹೋಗುತ್ತೇನೆ. ನೆಂಟರ ಹುಡುಗನನ್ನೂ ಕರೆದುಕೊಂಡು ಹೋಗುತ್ತೇನೆ. ಅವನು ಮಾತಾಡುವುದು ಬಾಕಿ ಉಂಟು.