ದಮ್ಮಿದೆ ಅಂತ ಮೂಲೆಗೆ ಕೂರಿಸಬೇಡಿ

ನಮಸ್ಕಾರ್ರಿ. ನಮ್ಮ ವಿಜಯಪುರ ಕಡೆ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಸುತ್ತದೆ: "ಅವ್ವಾ, ನಿನಗ ದಮ್ಮು ಹತ್ತತೈತಿ, ನೀ ಸುಮ್ನ ಕೂಡು." ಹೇಳುವುದು ಪ್ರೀತಿಯಿಂದಲೇ. ಆದರೆ ಹೀಗೆ ಕೂರಿಸಿ ಕೂರಿಸಿಯೇ ಅವ್ವನ ಕಾಲಿನ ಕಸುವು ಹೋಗುತ್ತಿದೆ.

ಹೀಗೆ ದಮ್ಮು ಹತ್ತಿಸುವ, ಅಂದರೆ ಉಸಿರು ಸಾಲದಂತೆ ಮಾಡುವ, ಪುಪ್ಪುಸದ ದೀರ್ಘ ಕಾಯಿಲೆಯೊಂದಕ್ಕೆ ಸಿಒಪಿಡಿ ಅನ್ನುತ್ತಾರೆ. ಅದು ಬೀಡಿ ಸೇದುವ ಗಂಡಸರ ಕಾಯಿಲೆ ಅಂತ ತುಂಬಾ ಜನ ತಿಳಿದಿದ್ದಾರೆ. ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೂ ಬರುತ್ತದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಯುವ ಒಲೆ ಮುಂದೆ ಆಯುಷ್ಯವೆಲ್ಲ ರೊಟ್ಟಿ ಬಡಿದವರು ಅವರು. ಉಸಿರಿನ ದಾರಿ ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ದಮ್ಮು. ಹೆದರಿ ಕೂರುತ್ತಾರೆ. ಕೂತಷ್ಟೂ ತೊಡೆ ಸೊರಗುತ್ತದೆ. ಸೊರಗಿದ ಕಾಲು ಅದೇ ನಾಲ್ಕು ಹೆಜ್ಜೆಗೆ ಇನ್ನೂ ಜಾಸ್ತಿ ಉಸಿರು ಕೇಳುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ಪಲ್ಮನರಿ ರಿಹ್ಯಾಬಿಲಿಟೇಶನ್ ಅನ್ನುತ್ತಾರೆ, ಅಂದರೆ ನಿಗಾದಲ್ಲಿ ವ್ಯಾಯಾಮ ಮಾಡಿಸಿ, ಉಸಿರಾಟ ಕಲಿಸುವುದು. ವಾರಕ್ಕೆ ಎರಡು ಮೂರು ಸಲ, ಸುಮಾರು ಎರಡು ತಿಂಗಳು. ಶುರುವಿಗೆ ಒಂದು ಪರೀಕ್ಷೆ: 30 ಮೀಟರ್ ವರಾಂಡದಲ್ಲಿ 6 ನಿಮಿಷ ಆಚೆ ಈಚೆ ನಡೆಯುವುದು. ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್. ಸುಸ್ತಾದರೆ ಗೋಡೆ ಹಿಡಿದು ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಎಷ್ಟು ನಡೆದರು ಅಂತ ನೋಡಿ ಅವರವರಿಗೆ ತಕ್ಕ ವ್ಯಾಯಾಮ ಕೊಡುತ್ತಾರೆ. ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಕೈಗೆ ಸಣ್ಣ ತೂಕ. ಉಸಿರು ಬಿಡುವುದನ್ನೂ ಕಲಿಸುತ್ತಾರೆ. ಮೂಗಿನಿಂದ ಎಳೆದುಕೊಂಡು, ಬಸಿಯಲ್ಲಿನ ಬಿಸಿ ಚಹಾ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನಕ್ಕೆ ಬಿಡಬೇಕು. ಆಗ ಉಸಿರಿನ ಕೊಳವೆಗಳು ಬೇಗ ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ.

ಕೆಟ್ಟ ಪುಪ್ಪುಸ ಇದರಿಂದ ಮೊದಲಿನಂತಾಗುವುದಿಲ್ಲ, ಸುಳ್ಳು ಆಸೆ ಬೇಡ. ಇನ್‌ಹೇಲರ್ ಬಿಡುವಂತೆಯೂ ಇಲ್ಲ. ಆದರೆ ದಮ್ಮು ಕಡಿಮೆಯಾಗುತ್ತದೆ, ನಡಿಗೆ ಹೆಚ್ಚುತ್ತದೆ. ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಅನ್ನುವ ಸಂಸ್ಥೆಯ 2015ರ ವಿಮರ್ಶೆ 65 ಪ್ರಯೋಗಗಳನ್ನು, 3,800ಕ್ಕೂ ಹೆಚ್ಚು ಸಿಒಪಿಡಿ ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ನೋಡಿತು. ಇದು ಉಪಯೋಗವೋ ಅಲ್ಲವೋ ಅಂತ ತಿಳಿಯಲು ಇನ್ನು ಹೊಸ ಪ್ರಯೋಗವೇ ಬೇಡ ಅನ್ನುವಷ್ಟು ಪುರಾವೆ ಸಿಕ್ಕಿತು.

ಇಷ್ಟಿದ್ದೂ ಎಷ್ಟೋ ಜನ ಇನ್‌ಹೇಲರ್ ಚೀಟಿ ಹಿಡಿದುಕೊಂಡು ಮನೆಗೆ ಬರುತ್ತಾರೆ, ಅಷ್ಟೇ. ನನಗೆ ಸಿಟ್ಟು ಬರುವುದು ಇಲ್ಲೇ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಉದ್ದನೆ ವರಾಂಡ, ಕುರ್ಚಿ, ಆಕ್ಸಿಮೀಟರ್, ಕೆಲಸ ಬಲ್ಲ ಫಿಸಿಯೋಥೆರಪಿಸ್ಟ್, ಜೊತೆಗೆ ನಿಗಾ ಇಡುವ ಡಾಕ್ಟರ್. ಸಿಂದಗಿ, ಇಂಡಿ, ಮುದ್ದೇಬಿಹಾಳದ ತಾಲ್ಲೂಕು ಆಸ್ಪತ್ರೆಗಳಲ್ಲೇ ನಡೆಯಬೇಕು. ಉಸಿರಾಡಲು ಕಷ್ಟಪಡುವವರು ವಾರಕ್ಕೆ ಎರಡು ಸಲ ಬಸ್ ಹತ್ತಿ ಜಿಲ್ಲಾ ಊರಿಗೆ ಬರಬೇಕು ಅನ್ನುವುದು ಯಾವ ನ್ಯಾಯ? ಇಳಕಲ್ ಕಡೆ ಕ್ವಾರಿಯ ಕಲ್ಲಿನ ಧೂಳು ಕುಡಿದವರಿಗೂ ಇದು ಸಿಗಬೇಕು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಾಯಿಬಿಟ್ಟು ಕೇಳಿ: "ಇವರಿಗೆ ರಿಹ್ಯಾಬ್ ಕೊಡಬಹುದಾ? ಎಲ್ಲಿ ಮಾಡಿಸಬೇಕ್ರಿ?" ಎದೆನೋವು ಇದ್ದರೆ, ತಲೆ ಸುತ್ತು ಬರುತ್ತಿದ್ದರೆ ಅದನ್ನೂ ಮೊದಲೇ ಹೇಳಿ. ಅವರು ನೋಡಿ ಹೂಂ ಅಂದ ಮೇಲೆ, ಅವ್ವನ ಜೊತೆ ನೀವೂ ಅಂಗಳದಲ್ಲಿ ನಡೆಯಿರಿ.