ಫ್ರಿಜ್ಜು ದುಬಾರಿ ಅಂತ ಅಳೋರಿಗೆ

ನಮಸ್ಕಾರ ಶಿವಮೊಗ್ಗ, ಹೊರಗೆ ಜಡಿಮಳೆ, ಆಡಿಯೋದಲ್ಲಿ ಶೀಟಿನ ಸದ್ದು ಬಂದ್ರೆ ಅಡ್ಜಸ್ಟ್ ಮಾಡ್ಕಳಿ.

ಹೋದ ವಿಡಿಯೋಗೆ ಒಬ್ರು ಕಮೆಂಟ್ ಹಾಕಿದಾರೆ, "ಬೆಳಕಿನ ಒಂದ್ ಕಣ ಎಣಿಸಕ್ಕೆ ಮೈನಸ್ 270 ಡಿಗ್ರಿ ಫ್ರಿಜ್ಜಾ? ದುಡ್ಡು ದಂಡ" ಅಂತ. ಎಂತ ಮಾರಾಯ್ರೆ, ಆ ಕಣ ಎಣಿಸೋ ಡಿಟೆಕ್ಟರ್ ಅಂದ್ರೇನೇ ತಂಪು! ತಂಪು ತೆಗೆದ್ರೆ ಉಳಿಯೋದು ಬರೀ ತಂತಿ.

ನಯೋಬಿಯಂ ನೈಟ್ರೈಡಿನ ತಂತಿ ಅದು, ಸುಮಾರು 100 ನ್ಯಾನೋಮೀಟರ್ ಅಗಲ, ದಪ್ಪ ಬರೀ 5 ನ್ಯಾನೋಮೀಟರ್ ಆಸುಪಾಸು. 2-3 ಕೆಲ್ವಿನ್‌ಗೆ, ಅಂದ್ರೆ ಅದೇ ಮೈನಸ್ 270 ಡಿಗ್ರಿ ಆಸುಪಾಸಿಗೆ, ಇಳಿಸಿದ್ರೆ ಸೂಪರ್‌ಕಂಡಕ್ಟರ್ ಆಗತ್ತೆ, ಕರೆಂಟು ಅಡ್ಡಿನೇ ಇಲ್ದೆ ಹರಿತಿರತ್ತೆ. ಒಂದೇ ಒಂದು ಫೋಟಾನ್, ಅದೇ ಬೆಳಕಿನ ಕಣ, ಬಿತ್ತು ಅಂದ್ರೆ ಆ ಜಾಗ ಬಿಸಿಯಾಗಿ ಅಡ್ಡಿ ಹುಟ್ಟತ್ತೆ, ಆಗುಂಬೆ ಘಾಟೀಲಿ ಮರ ಬಿದ್ದಾಗ ಗಾಡಿಗಳು ಹುಲಿಕಲ್ ಕಡೆ ತಿರುಗ್ತಾವಲ್ಲ, ಹಂಗೆ ಕರೆಂಟು ಪಕ್ಕದ ಆಂಪ್ಲಿಫೈಯರಿಗೆ ತಿರುಗತ್ತೆ, ಟಿಕ್ ಅಂತ ಒಂದು ಪಲ್ಸು. ನ್ಯಾನೋಸೆಕೆಂಡ್‌ಗಳಲ್ಲಿ ಮತ್ತೆ ತಣ್ಣಗಾಗಿ ರೆಡಿ. ನಮ್ಮಲ್ಲಿ ಮರ ತೆಗೆಯಕ್ಕೆ ಎಷ್ಟೊತ್ತು ಅಂತ ನಾ ಹೇಳಲ್ಲ. ಅಷ್ಟು ತಣ್ಣಗಿರೋ ಹೊತ್ತಿಗೇ ಒಂದು ಫೋಟಾನಿನ ಬಿಸಿನೂ ಗೊತ್ತಾಗೋದು!

"ಸಿಲಿಕಾನ್ ಡಿಟೆಕ್ಟರ್ ಇದೆಯಲ್ಲ ಸಾರ್, ಅದಕ್ಕೆ ಇಷ್ಟೆಲ್ಲ ತಂಪು ಬೇಡ." ಹೌದಪ್ಪ ಜಾಣ, ಫೈಬರಲ್ಲಿ ಹೋಗೋ 1550 ನ್ಯಾನೋಮೀಟರ್ ಬೆಳಕಿಗೆ ಸಿಲಿಕಾನ್ ಕುರುಡು. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ದು ಇದೆ, ಅದು ಹಿಡಿಯೋದಕ್ಕಿಂತ ಬಿಡೋದೇ ಜಾಸ್ತಿ, ಕತ್ತಲಲ್ಲೂ ಸುಮ್‌ಸುಮ್ನೆ ಟಿಕ್ ಅನ್ನತ್ತೆ. ಇದೇ ಜಾತಿ ತಣ್ಣನೆ ತಂತಿ, ಮಾಲಿಬ್ಡಿನಂ ಸಿಲಿಸೈಡಿಂದು, 2020ರಲ್ಲಿ ಅಮೆರಿಕದ ನಿಸ್ಟ್ ಲ್ಯಾಬಲ್ಲಿ ನೂರಕ್ಕೆ 98 ಹಿಡೀತು. 98 ಸ್ವಾಮಿ! ತಂಪು, ತಂಪು, ತಂಪು.

2023ರ ಡಿಸೆಂಬರಲ್ಲಿ ನಾಸಾದ ಸೈಕಿ ನೌಕೆ 3.1 ಕೋಟಿ ಕಿಲೋಮೀಟರ್ ದೂರದಿಂದ ಲೇಸರಲ್ಲಿ ಬೆಕ್ಕಿನ ವಿಡಿಯೋ ಕಳಿಸ್ತಲ್ಲ, ಕ್ಯಾಲಿಫೋರ್ನಿಯಾದ ಪಾಲೋಮಾರ್ ಟೆಲಿಸ್ಕೋಪಲ್ಲಿ ಅದನ್ನ ಹಿಡಿದಿದ್ದು ಇದೇ ಜಾತಿ ಡಿಟೆಕ್ಟರು. ಇಲ್ಲಿ ಹೊಸನಗರದ ಭಾವಂಗೆ ವಾಟ್ಸಾಪ್ ಕಾಲ್ ಹತ್ತಲ್ಲ, ಅದು ಬೇರೆ ಎಪಿಸೋಡು. ಹಾಂ, ಅತ್ತಿಗೆ ಮಾಡಿದ ಅಪ್ಪೆಮಿಡಿ ಉಪ್ಪಿನಕಾಯಿ ಲಿಂಕು ಕೆಳಗಿದೆ, ಜೀರಿಗೆ ಮಿಡಿ ಖಾಲಿ, ಕೇಳಬೇಡಿ.

"ಕರೆಂಟ್ ಬಿಲ್ ಯಾರು ಕಟ್ತಾರೆ" ಅಂತ ಇನ್ನೊಬ್ರು. ನೀವ್ ಕಟ್ತೀರಾ? ಇಲ್ಲ ತಾನೆ? ಮತ್ತೆಂತಕ್ಕೆ ಸಂಕಟ? ತಂಪೇ ಡಿಟೆಕ್ಟರು ಅಂದೆ, ಮುಗೀತು. ಯಾಕೆ ಅಂದ್ರೆ... ಯಾಕೆ ಅಂದ್ರೆ ಹಂಗೇ! ಒಪ್ಪಲ್ಲ ಅನ್ನೋರು ಅನ್‌ಸಬ್‌ಸ್ಕ್ರೈಬ್ ಮಾಡ್ಕಂಡು ಹೋಗಿ. ಅಯ್ಯೋ ಬೇಡ, ಹತ್ತು ಸಾವಿರಕ್ಕೆ ಸ್ವಲ್ಪ ಬಾಕಿ ಇದೆ ಮಾರಾಯ್ರೆ, ಇರಿ, ಬೈಕೊಂಡೇ ಇರಿ.