ಏಳದ ಲ್ಯಾಪ್‌ಟಾಪ್‌ನೊಳಗೆ ಅಜ್ಜಿಯ ಬೀಸುವ ಪದಗಳು
ನೀವು ನೋಡುತ್ತಿರುವ ಈ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಮ್ಮ ಅಜ್ಜಿ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳ ಧ್ವನಿಮುದ್ರಣಗಳಿವೆ. ಅಜ್ಜಿ ಈಗಿಲ್ಲ, ಆ ಮುದ್ರಣಗಳ ಇನ್ನೊಂದು ಪ್ರತಿಯೂ ನನ್ನಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದರೆ ವಿಂಡೋಸ್ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಯತ್ನಿಸಿ, ಸೋತು, ಮತ್ತೆ ಮೊದಲಿನಿಂದ ಶುರುವಾಯಿತು. ವಿಂಡೋಸನ್ನು ಹೊಸದಾಗಿ ಹಾಕಿಸಿಬಿಡು ಎಂದು ಹಲವರು ಹೇಳಿದರೂ ನಾನು ಒಪ್ಪಲಿಲ್ಲ, ಏಕೆಂದರೆ ಹೊಸ ವಿಂಡೋಸ್ ಬರೆಯಲ್ಪಡುವುದು ಅದೇ ಡಿಸ್ಕಿನ ಮೇಲೆ, ಮತ್ತು ಒಮ್ಮೆ ಮೇಲೆ ಬರೆದದ್ದರ ಅಡಿಯಿಂದ ಹಳೆಯದನ್ನು ಯಾವ ತಂತ್ರಾಂಶವೂ ಎತ್ತಿಕೊಡಲಾರದು.

ಗೆಳೆಯನ ಕಂಪ್ಯೂಟರಿನಲ್ಲಿ, ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ ಪೆನ್‌ಡ್ರೈವ್ ಸಿದ್ಧಪಡಿಸಿ, ಎಫ್12 ಕೀಲಿ ಒತ್ತಿ ಅದರಿಂದಲೇ ಯಂತ್ರವನ್ನು ಎಬ್ಬಿಸಿದೆ. ಸ್ಥಾಪಿಸದೆ ಬಳಸುವ ಆಯ್ಕೆಯನ್ನೇ ಆರಿಸಿದೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದ ಡಿಸ್ಕಾಗಿದ್ದರೆ ಈ ಹಂತದಲ್ಲಿ 48 ಅಂಕಿಗಳ ಕೀಲಿ ಬೇಕಾಗುತ್ತಿತ್ತು, ನನ್ನದರಲ್ಲಿ ಅದಿರಲಿಲ್ಲ. ಹಾಡುಗಳ ಫೋಲ್ಡರ್ ಕಣ್ಣಿಗೆ ಬಿದ್ದಾಗ ಎದೆ ಹಗುರಾಯಿತು, ಆದರೆ ಪ್ರತಿ ಮಾಡಲು ಹೊರಟರೆ ಅರ್ಧದಲ್ಲೇ ನಿಂತುಬಿಟ್ಟಿತು. ಡಿಸ್ಕ್ ಟಕಟಕ ಎನ್ನುತ್ತಿದ್ದರೆ ಆ ಕ್ಷಣವೇ ವಿದ್ಯುತ್ ತೆಗೆದು, ದತ್ತಾಂಶ ಮರಳಿಸುವ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆ. ಅಂಥ ಸದ್ದಿರಲಿಲ್ಲ, ಕೆಲವು ಜಾಗಗಳು ಓದಲು ಸಿಗುತ್ತಿರಲಿಲ್ಲ, ಅಷ್ಟೇ.

ಇಂಥ ಡಿಸ್ಕಿಗೆ ನಾನು ನಂಬುವುದು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು. ಅದು ಕೆಟ್ಟ ಜಾಗದಲ್ಲಿ ಹಟ ಹಿಡಿದು ಕೂರುವುದಿಲ್ಲ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಕಡೆಗಳನ್ನು ಹಾರಿ ಮುಂದೆ ಹೋಗಿ, ಕೊನೆಗೆ ಬಿಟ್ಟ ಜಾಗಗಳಿಗೆ ಮರಳುತ್ತದೆ. ಯಾವುದು ಸಿಕ್ಕಿತು, ಯಾವುದು ಉಳಿಯಿತು ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಡುವುದರಿಂದ, ರಾತ್ರಿ ಕರೆಂಟು ಹೋಗಿ ನಡುವೆ ನಿಂತಾಗಲೂ ನಿಂತಲ್ಲಿಂದಲೇ ಮುಂದುವರಿಸಲು ಸಾಧ್ಯವಾಯಿತು. 500 ಜಿಬಿ ಡಿಸ್ಕಿನ ಪೂರ್ಣ ಪ್ರತಿಬಿಂಬವನ್ನು, ಅಂದರೆ ಇಡೀ ಡಿಸ್ಕಿನ ಯಥಾಪ್ರತಿಯನ್ನು ಒಂದೇ ಕಡತವಾಗಿ, 1 ಟಿಬಿಯ ಬಾಹ್ಯ ಡಿಸ್ಕಿಗೆ ಇಳಿಸಿದೆ. ಆ ಬಾಹ್ಯ ಡಿಸ್ಕ್ ಫ್ಯಾಟ್32 ಎಂಬ ಕಡತ ಜೋಡಣೆಯ ಹಳೆಯ ಮಾದರಿಯದಾಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ. ಹುಡುಕಾಟವೆಲ್ಲ ನಡೆದದ್ದು ಆ ಪ್ರತಿಯಲ್ಲಿ. ಮೂಲ ಡಿಸ್ಕನ್ನು ಮತ್ತೆ ಮುಟ್ಟಲಿಲ್ಲ.

ಎಲ್ಲ ಪದಗಳೂ ಸಿಕ್ಕಿವೆ. ಒಂದರಲ್ಲಿ ಮಾತ್ರ, ಓದಲಾಗದ ಜಾಗದಲ್ಲಿ ಸೊನ್ನೆಗಳು ತುಂಬಿಕೊಂಡಿವೆ, ಮತ್ತು ಈ ಹಾಡುಗಳಿರುವ ವೇವ್ ಎಂಬ ಧ್ವನಿ ಕಡತದಲ್ಲಿ ಸೊನ್ನೆಯೆಂದರೆ ಮೌನ. ಈಗ ಕೇಳಿ: ಕಲ್ಲಿನ ಗರಗರ ಸದ್ದು, ಅಜ್ಜಿಯ ದನಿ, ಸುಮಾರು 3 ಸೆಕೆಂಡು ಏನೂ ಇಲ್ಲ, ಮತ್ತೆ ಅಜ್ಜಿಯ ದನಿ.